2400 ಬಿಟ್‌ನ ದಾರಿಯಲ್ಲಿ ಮಾತು: ಸೇನಾ ರೇಡಿಯೋದಲ್ಲಿ ಸ್ಪೀಚ್ ರೆಕಗ್ನಿಷನ್ ಎಲ್ಲಿ ಕೂರಬೇಕು?

ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೋದ ಒಂದು ಚಾನೆಲ್ಲಿನ ಅಗಲ ಸಾಮಾನ್ಯವಾಗಿ 3 ಕಿಲೋಹರ್ಟ್ಜ್. ಉಪಗ್ರಹದ ಹಂಗಿಲ್ಲದೆ ಬೆಟ್ಟಸಾಲಿನಾಚೆಗೆ, ಸಮುದ್ರದಾಚೆಗೆ ಮಾತು ಮುಟ್ಟಿಸಬೇಕಾದಾಗ ಸೇನೆಗಳು ಇಂದಿಗೂ ನೆಚ್ಚಿಕೊಂಡಿರುವುದು ಇದನ್ನೇ. ಈ ಅಗಲದಲ್ಲಿ ಎನ್‌ಕ್ರಿಪ್ಟ್ ಮಾಡಿದ ಮಾತಿಗೆ ಸಿಗುವುದು ಬಹಳವೆಂದರೆ ಸೆಕೆಂಡಿಗೆ 2400 ಬಿಟ್. ಚಾನೆಲ್ ಕೆಟ್ಟರೆ 1200, ಇನ್ನೂ ಕೆಟ್ಟರೆ 600. ಮೊಬೈಲ್ ಫೋನಿನ ಸಾಧಾರಣ ಕರೆಗೂ ಇದರ ಐದಾರು ಪಟ್ಟು ಬಿಟ್ ಬೇಕು.

ಇದೇ ಮಾತನ್ನು ಅಕ್ಷರಕ್ಕೆ ಇಳಿಸಿದರೆ ಲೆಕ್ಕ ಬೇರೆಯಾಗುತ್ತದೆ. ಎಂಟು ಸೆಕೆಂಡಿನಲ್ಲಿ ಇಪ್ಪತ್ತು ಇಂಗ್ಲಿಷ್ ಪದ ಹೇಳಬಹುದು. ಪದಕ್ಕೆ ಖಾಲಿ ಜಾಗವೂ ಸೇರಿ ಆರು ಅಕ್ಷರ, ಅಕ್ಷರಕ್ಕೆ ಎಂಟು ಬಿಟ್ ಎಂದು ಹಿಡಿದರೆ ಒಟ್ಟು 960 ಬಿಟ್. ಅದೇ ಎಂಟು ಸೆಕೆಂಡಿನ ಧ್ವನಿಗೆ 2400ರ ದರದಲ್ಲಿ 19,200 ಬಿಟ್ ಬೇಕು. ಇಪ್ಪತ್ತು ಪಟ್ಟು ಉಳಿತಾಯ. ಧ್ವನಿ ಹಾಯಲಾರದಷ್ಟು ಹಾಳಾದ ಚಾನೆಲ್ಲಿನಲ್ಲೂ ಸೆಕೆಂಡಿಗೆ 75 ಬಿಟ್‌ನ ಡೇಟಾ ನಿಧಾನವಾಗಿ ದಾಟಿಹೋಗುತ್ತದೆ. ಹಾಗಾಗಿ ರೇಡಿಯೋದೊಳಗೇ ಸ್ಪೀಚ್ ರೆಕಗ್ನಿಷನ್ ಇಟ್ಟು ಮಾತಿನ ಬದಲು ಪಠ್ಯ ಕಳಿಸೋಣ ಎಂಬ ಆಸೆ ಹಳೆಯದು. ಈಗ ಅಂಗೈಯಗಲದ ಪ್ರೊಸೆಸರಿನಲ್ಲಿ ಒಳ್ಳೆಯ ಮಾಡೆಲ್ ಓಡತೊಡಗಿರುವುದರಿಂದ ಆ ಆಸೆ ಟೆಂಡರ್ ದಾಖಲೆಗಳವರೆಗೂ ಬಂದು ನಿಂತಿದೆ.

ಆದರೆ ಉಳಿತಾಯದ ಲೆಕ್ಕ ಹಾಕುವಷ್ಟು ಶ್ರದ್ಧೆಯಿಂದ ತಪ್ಪಿನ ಲೆಕ್ಕ ಹಾಕುವವರು ಕಡಿಮೆ. ಕೆಟ್ಟ ಧ್ವನಿ ತಾನು ಕೆಟ್ಟಿದ್ದೇನೆ ಎಂದು ತಾನೇ ಹೇಳುತ್ತದೆ. ಕೇಳುವ ಆಪರೇಟರ್ ಗೊರಗೊರ ಶಬ್ದದ ನಡುವೆ ಅನುಮಾನ ಬಂದ ಕೂಡಲೇ ಇನ್ನೊಮ್ಮೆ ಹೇಳಿ ಎನ್ನುತ್ತಾನೆ. ತಪ್ಪು ಪಠ್ಯ ಮಾತ್ರ ಸರಿಯಾದ ಪಠ್ಯದಷ್ಟೇ ಸ್ವಚ್ಛವಾಗಿ ಪರದೆಯ ಮೇಲೆ ಮೂಡುತ್ತದೆ. ರೆಕಗ್ನೈಜರನ್ನು ಎಲ್ಲಿ ಇಡಬೇಕು, ಅದರಿಂದ ಏನನ್ನು ಕಳಿಸಬೇಕು ಎಂಬ ಪ್ರಶ್ನೆಗಳೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಸುತ್ತುತ್ತವೆ.

ಕೂರಿಸಲು ಮೂರು ಜಾಗ

ಮೊದಲನೆಯದು ಮಾತಾಡುವವನ ಸೆಟ್. ಮೈಕಿನಿಂದ ಬಂದ ಧ್ವನಿಯನ್ನು ಅಲ್ಲೇ ಗುರುತಿಸಿ ಪಠ್ಯ ಕಳಿಸುವುದು. ಎರಡನೆಯದು ಕೇಳುವವನ ಕಡೆ. ಮಾತನ್ನು ಕೆಲವೇ ಬಿಟ್‌ಗಳಿಗೆ ಒತ್ತಿ ಮತ್ತೆ ಬಿಚ್ಚುವ ವೊಕೋಡರ್ ಕೊಟ್ಟ ಧ್ವನಿಯನ್ನು ಕಮಾಂಡ್ ಪೋಸ್ಟಿನ ಸರ್ವರಿನಲ್ಲಿ ಗುರುತಿಸುವುದು. ಮೂರನೆಯದು ಇವೆರಡರ ನಡುವಿನ ಹಾದಿ. ಧ್ವನಿಯ ಲಕ್ಷಣಗಳನ್ನಷ್ಟೇ ಸೆಟ್ಟಿನಲ್ಲಿ ಲೆಕ್ಕಹಾಕಿ ಕಳಿಸಿ, ಗುರುತಿಸುವ ಕೆಲಸವನ್ನು ಆಚೆ ಬದಿಗೆ ಬಿಡುವುದು.

ಮೂರನೆಯದಕ್ಕೆ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಇಟಿಎಸ್‌ಐ 2000ದಲ್ಲೇ ಒಂದು ಮಾನಕ ಕೊಟ್ಟಿದೆ: ಇಎಸ್ 201 108. ಪ್ರತಿ 10 ಮಿಲಿಸೆಕೆಂಡಿಗೆ 14 ಲಕ್ಷಣ, ಅವಕ್ಕೆ 44 ಬಿಟ್. 24 ಫ್ರೇಮುಗಳನ್ನು ಹೆಡರ್ ಮತ್ತು ತಪ್ಪು ಹಿಡಿಯುವ ಬಿಟ್‌ಗಳ ಜೊತೆ ಕಟ್ಟಿದರೆ 240 ಮಿಲಿಸೆಕೆಂಡಿಗೆ 1152 ಬಿಟ್, ಅಂದರೆ ಸೆಕೆಂಡಿಗೆ 4800. ಮೊಬೈಲ್ ಜಾಲಕ್ಕೆಂದು ಮಾಡಿದ ಈ ಅಳತೆ ಎಚ್‌ಎಫ್ ವೊಕೋಡರಿನ ಎರಡರಷ್ಟಾಯಿತು. ಮೇಲಾಗಿ ಮೂಲ ಮಾನಕದಲ್ಲಿ ಪಿಚ್ (ದನಿಯ ಸ್ಥಾಯಿ) ಹೋಗುವುದೇ ಇಲ್ಲ. ಆದ್ದರಿಂದ ಆಚೆ ಬದಿಯ ಮನುಷ್ಯನಿಗೆ ಕೇಳಿಸಿಕೊಳ್ಳಲು ಧ್ವನಿಯೇ ಇರುವುದಿಲ್ಲ. ಪಿಚ್ ಸೇರಿಸಿ ವಿಸ್ತರಿಸಿದ ಮುಂದಿನ ಆವೃತ್ತಿ 5600 ಬಿಟ್ ಕೇಳುತ್ತದೆ. ಕಿರಿದಾದ ಸೇನಾ ಚಾನೆಲ್ಲಿಗೆ ಈ ಹಾದಿ ಹೊಂದುವುದಿಲ್ಲ ಎಂದು ಇಲ್ಲಿಗೇ ಬಿಡಬಹುದು.

ಎರಡನೆಯ ಜಾಗಕ್ಕೆ ಒಂದು ದೊಡ್ಡ ಅನುಕೂಲವಿದೆ. ಸೈನಿಕರ ಕೈಯಲ್ಲಿರುವ ಒಂದು ಸೆಟ್ಟನ್ನೂ ಬದಲಿಸಬೇಕಾಗಿಲ್ಲ. ಶತ್ರುವಿನ ಮಾತನ್ನು ಕದ್ದು ಕೇಳುವವರಿಗಂತೂ ಇದೊಂದೇ ಗತಿ. 2022ರಲ್ಲಿ ಉಕ್ರೇನಿನ ಯುದ್ಧಭೂಮಿಯಲ್ಲಿ ಎನ್‌ಕ್ರಿಪ್ಷನ್ ಇಲ್ಲದೆ ಹೋಗುತ್ತಿದ್ದ ರಷ್ಯನ್ ರೇಡಿಯೋ ಮಾತನ್ನು ತನ್ನ ತಂತ್ರಾಂಶ ಅಕ್ಷರಕ್ಕಿಳಿಸಿ ಅನುವಾದಿಸುತ್ತಿದೆ ಎಂದು ಅಮೆರಿಕದ ಪ್ರೈಮರ್ ಕಂಪನಿ ಹೇಳಿಕೊಂಡಿತು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ರ‍್ಯಾಟ್ಸ್ ಯೋಜನೆ ಇದೇ ಕೆಲಸಕ್ಕೆ ಕೈಹಾಕಿತ್ತು. ಅರೇಬಿಕ್, ಫಾರ್ಸಿ, ಪಶ್ತೋ, ದರಿ, ಉರ್ದು ಮಾತುಗಳನ್ನು ಎಂಟು ಬಗೆಯ ರೇಡಿಯೋ ಚಾನೆಲ್ಲುಗಳಲ್ಲಿ ನಿಜವಾಗಿಯೇ ಪ್ರಸಾರ ಮಾಡಿ, ಮತ್ತೆ ಹಿಡಿದು, ಹಾಳಾದ ಆ ಧ್ವನಿಯಿಂದ ತರಬೇತಿ ಸಾಮಗ್ರಿ ಮಾಡಿದರು. ಅಲ್ಲಿ ಗೊತ್ತುಮಾಡಿಕೊಂಡ ಗುರಿಗಳು ನಾಲ್ಕು: ಮಾತು ಇದೆಯೋ ಇಲ್ಲವೋ, ಯಾವ ಭಾಷೆ, ಯಾರ ದನಿ, ಹುಡುಕುತ್ತಿರುವ ಪದ ಅಲ್ಲಿದೆಯೇ. ಪೂರ್ಣ ವಾಕ್ಯ ಬರೆದುಕೊಡು ಎಂದು ಕೇಳದೆ ಪದ ಹುಡುಕು ಎಂದಷ್ಟೇ ಕೇಳಿದ್ದು ಅಂಥ ಧ್ವನಿಗೆ ತಕ್ಕ ವಿವೇಕ.

ಸ್ವಂತ ಪಡೆಯ ಸಂಪರ್ಕಕ್ಕೆ ಬಂದರೆ ಎರಡನೆಯ ಜಾಗ ಏಕೆ ಸೋಲುತ್ತದೆ ಎಂದು ತಿಳಿಯಲು ವೊಕೋಡರಿನ ಒಂದು ಫ್ರೇಮನ್ನು ಬಿಚ್ಚಿ ನೋಡಬೇಕು.

54 ಬಿಟ್‌ಗಳಲ್ಲಿ ಏನಿರುತ್ತದೆ

ನ್ಯಾಟೋ ದೇಶಗಳ ಕಿರಿದಾದ ಚಾನೆಲ್ಲಿನ ವೊಕೋಡರ್ ಮಾನಕ ಸ್ಟಾನಾಗ್ 4591, ರೂಢಿಯ ಹೆಸರು ಮೆಲ್ಪ್‌ಇ. ಅಮೆರಿಕ, ಫ್ರಾನ್ಸ್, ಟರ್ಕಿಗಳ ಮೂರು ವೊಕೋಡರುಗಳನ್ನು ಗದ್ದಲದ ನಡುವೆ ಪರೀಕ್ಷೆಗಿಟ್ಟು ಆರಿಸಿದ್ದು ಇದು. ಸೆಕೆಂಡಿಗೆ 8000 ಸ್ಯಾಂಪಲ್ಲಿನ ಧ್ವನಿಯನ್ನು 180 ಸ್ಯಾಂಪಲ್ಲಿನ ತುಂಡುಗಳಾಗಿ, ಅಂದರೆ 22.5 ಮಿಲಿಸೆಕೆಂಡಿನ ಫ್ರೇಮುಗಳಾಗಿ ಕತ್ತರಿಸುತ್ತದೆ. ಒಂದು ಫ್ರೇಮಿಗೆ 54 ಬಿಟ್. ಬಾಯಿಯ ಆಕಾರವನ್ನು ಹೇಳುವ ಹತ್ತು ಎಲ್‌ಎಸ್‌ಎಫ್ ಸಂಖ್ಯೆಗಳಿಗೆ 25 ಬಿಟ್, ದನಿಯ ಜೋರಿಗೆ 8, ಪಿಚ್‌ಗೆ 7, ಐದು ಆವರ್ತನ ಪಟ್ಟಿಗಳಲ್ಲಿ ಘೋಷ (ಗಂಟಲಿನ ಕಂಪನ) ಇದೆಯೇ ಎಂಬುದಕ್ಕೆ 4, ಫೂರಿಯರ್ ಪ್ರಮಾಣಗಳಿಗೆ 8, ಅನಿಯಮಿತ ಘೋಷದ ಗುರುತಿಗೆ 1, ಸಿಂಕ್‌ಗೆ 1. ಅಘೋಷ ಫ್ರೇಮಿನಲ್ಲಿ ಪಟ್ಟಿಗಳ, ಫೂರಿಯರಿನ, ಅನಿಯಮಿತತೆಯ ಬಿಟ್‌ಗಳು ಬೇಡವಾದ್ದರಿಂದ ಉಳಿಯುವ 13 ಬಿಟ್‌ಗಳನ್ನು ತಪ್ಪು ತಿದ್ದಲು ಬಳಸುತ್ತಾರೆ.

ಮನುಷ್ಯನ ಕಿವಿಗೆ ಇಷ್ಟು ಸಾಕು, ಬಿಟ್ಟುಹೋದದ್ದನ್ನು ಅದು ಸಂದರ್ಭದಿಂದ ತುಂಬಿಕೊಳ್ಳುತ್ತದೆ. ಯಂತ್ರಕ್ಕೆ ಹೊಡೆತ ಬೀಳುವುದು ವ್ಯಂಜನಗಳಲ್ಲಿ. ಪ, ತ, ಕ ಉಚ್ಚರಿಸುವಾಗ ಉಸಿರು ಸಿಡಿಯುವುದು 5ರಿಂದ 20 ಮಿಲಿಸೆಕೆಂಡ್. ಅದು ಒಂದೇ ಫ್ರೇಮಿನೊಳಗೆ ಬಿದ್ದು ಅಕ್ಕಪಕ್ಕದ ಸ್ವರದ ಜೊತೆ ಸರಾಸರಿಯಾಗಿಬಿಡುತ್ತದೆ. 1200ರ ದರದಲ್ಲಿ ಮೂರು ಫ್ರೇಮನ್ನು ಸೇರಿಸಿ 67.5 ಮಿಲಿಸೆಕೆಂಡಿಗೆ 81 ಬಿಟ್, 600ರಲ್ಲಿ ನಾಲ್ಕು ಫ್ರೇಮಿಗೆ, ಅಂದರೆ 90 ಮಿಲಿಸೆಕೆಂಡಿಗೆ, ಅವೇ 54 ಬಿಟ್. ಸ ಎಂಬ ಧ್ವನಿಯ ಶಕ್ತಿ ಬಹುಪಾಲು 4 ಕಿಲೋಹರ್ಟ್ಜ್‌ಗಿಂತ ಮೇಲೆ ಇರುವುದರಿಂದ ಅದು ವೊಕೋಡರಿಗೆ ಬರುವ ಮೊದಲೇ ಕತ್ತರಿಸಿಹೋಗಿರುತ್ತದೆ.

ಭಾರತೀಯ ಭಾಷೆಗಳಿಗೆ ಇನ್ನೊಂದು ತೊಡಕಿದೆ. ತ ಮತ್ತು ಟ, ನ ಮತ್ತು ಣ, ಲ ಮತ್ತು ಳ ಇವುಗಳ ವ್ಯತ್ಯಾಸ ಹೆಚ್ಚಾಗಿ ಮೂರನೆಯ ಫಾರ್ಮಂಟ್ (ಬಾಯಿಯ ಅನುರಣನದ ಆವರ್ತನ) ಕೆಲವೇ ಹತ್ತು ಮಿಲಿಸೆಕೆಂಡುಗಳಲ್ಲಿ ಕೆಳಗಿಳಿಯುವ ಬಗೆಯಲ್ಲಿ ಅಡಗಿರುತ್ತದೆ. 25 ಬಿಟ್‌ನ ಕೋಡ್‌ಬುಕ್ (ಮೊದಲೇ ಆರಿಸಿಟ್ಟ ಆಕಾರಗಳ ಪಟ್ಟಿ) ಮೊದಲು ಒರಟಾಗಿಸುವುದು ಇಂಥ ಸೂಕ್ಷ್ಮವನ್ನೇ. ಇಂಗ್ಲಿಷ್ ಮಾತಿನಲ್ಲಿ ಪಾಸಾದ ವೊಕೋಡರ್ ಕನ್ನಡಕ್ಕೂ ಹಿಂದಿಗೂ ಹಾಗೆಯೇ ಪಾಸಾಗುತ್ತದೆ ಎಂದು ಮೊದಲೇ ನಂಬಿಕೊಳ್ಳುವುದು ತಪ್ಪು. ಪ್ರತಿ ಭಾಷೆಯಲ್ಲೂ ಬೇರೆಯಾಗಿಯೇ ಅಳೆಯಬೇಕು.

ಕೇಳುವ ಬದಿಯಲ್ಲೇ ಗುರುತಿಸಬೇಕಾಗಿ ಬಂದರೆ ಒಂದು ಕೆಲಸ ಖಂಡಿತ ಮಾಡಬೇಕು: ಧ್ವನಿಯನ್ನು ಮರುಸೃಷ್ಟಿಸುವ ಮೊದಲೇ ಬಿಟ್‌ಗಳಿಂದ ಎಲ್‌ಎಸ್‌ಎಫ್ ಸಂಖ್ಯೆಗಳನ್ನು ನೇರವಾಗಿ ತೆಗೆದು, ರೆಕಗ್ನೈಜರುಗಳಿಗೆ ರೂಢಿಯಾದ ಸೆಪ್‌ಸ್ಟ್ರಲ್ ಲಕ್ಷಣಗಳಾಗಿ ಬದಲಿಸಿ ರೆಕಗ್ನೈಜರಿಗೆ ಕೊಡುವುದು. ಸಂಶ್ಲೇಷಿತ ಧ್ವನಿಗೆ ಸೇರಿಕೊಳ್ಳುವ ಝೇಂಕಾರವಾದರೂ ಆಗ ತಪ್ಪುತ್ತದೆ. ಯಾವ ಫ್ರೇಮಿನಲ್ಲಿ ಬಿಟ್ ತಪ್ಪಿದೆ ಎಂಬ ಮಾಹಿತಿ ಮೋಡೆಮಿನ ಕೈಯಲ್ಲಿರುತ್ತದೆ, ಅದನ್ನೂ ಜೊತೆಗೆ ಕೊಟ್ಟರೆ ಅಂಥ ಫ್ರೇಮುಗಳ ತೂಕ ಇಳಿಸಬಹುದು.

ವಿಎಚ್‌ಎಫ್ ಸೆಟ್ಟುಗಳಲ್ಲಿ ಪರಿಸ್ಥಿತಿ ಇಷ್ಟು ಬಿಗಿಯಿಲ್ಲ. ಅಮೆರಿಕ ಸೇನೆಯ ಸಿಂಕ್‌ಗಾರ್ಸ್‌ನಂಥ ಸೆಟ್ 25 ಕಿಲೋಹರ್ಟ್ಜ್ ಅಗಲದ ಚಾನೆಲ್ಲಿನಲ್ಲಿ 16 ಕಿಲೋಬಿಟ್‌ನ ಸಿವಿಎಸ್‌ಡಿ ಎಂಬ, ಧ್ವನಿಯ ಅಲೆಯನ್ನೇ ಬಿಟ್‌ಗಳಾಗಿಸುವ ಕ್ರಮವನ್ನು ಬಳಸುತ್ತದೆ. ಕೇಳಲು ಸಿರಸಿರ ಎನಿಸಿದರೂ ಅದರಲ್ಲಿ ಧ್ವನಿಯ ಆಕಾರ ಉಳಿದಿರುತ್ತದೆ. ತೊಂದರೆ ಬರುವುದು ಎರಡು ಬಗೆಯ ರೇಡಿಯೋಗಳನ್ನು ಜೋಡಿಸುವ ಗೇಟ್‌ವೇಯಲ್ಲಿ. ಸಿವಿಎಸ್‌ಡಿಯಿಂದ ಬಂದ ಮಾತನ್ನು ಮೆಲ್ಪ್‌ಇಗೆ ಹಾಕಿ ಎಚ್‌ಎಫ್ ಮೇಲೆ ಕಳಿಸಿದರೆ ಎರಡೂ ಕೋಡರುಗಳ ಹಾನಿ ಒಂದರ ಮೇಲೊಂದು ಕೂರುತ್ತದೆ.

ವೊಕೋಡರಿಗೂ ಮೊದಲಿನ ಕೊಳೆ

ಸೆಟ್ಟಿನಲ್ಲೇ ಗುರುತಿಸಿದರೆ ಎಲ್ಲವೂ ಸಲೀಸು ಎಂದಲ್ಲ. ಓಡುತ್ತಿರುವ ಟ್ಯಾಂಕಿನೊಳಗೆ ಶಬ್ದ 100 ಡೆಸಿಬೆಲ್ ದಾಟುತ್ತದೆ. ಅಷ್ಟು ಗದ್ದಲದಲ್ಲಿ ಮನುಷ್ಯ ತನಗರಿಯದೆಯೇ ದನಿ ಏರಿಸುತ್ತಾನೆ, ಪಿಚ್ ಮೇಲೇರುತ್ತದೆ, ಸ್ವರಗಳು ಉದ್ದವಾಗುತ್ತವೆ. ಲೊಂಬಾರ್ಡ್ ಪರಿಣಾಮ ಎಂಬ ಈ ಬದಲಾವಣೆಯಿಂದಾಗಿ, ಸ್ಟುಡಿಯೋ ಮಾತಿಗೆ ಎಂಜಿನ್ ಶಬ್ದ ಬೆರೆಸಿ ಕಲಿಸಿದ ಮಾಡೆಲ್ ನಿಜವಾದ ಟ್ಯಾಂಕಿನಲ್ಲಿ ಎಡವುತ್ತದೆ. ಗಂಟಲಿಗೆ ಕಟ್ಟುವ ಮೈಕ್ ಗದ್ದಲವನ್ನು ತಡೆಯುತ್ತದೆ ನಿಜ. ಆದರೆ ಹೆಚ್ಚಿನ ಆವರ್ತನಗಳನ್ನೂ ತಡೆದು ವ್ಯಂಜನಗಳನ್ನು ಮೊಂಡಾಗಿಸುತ್ತದೆ.

ಪಿಟಿಟಿ (ಒತ್ತಿ ಮಾತಾಡುವ) ಬಟನ್ ಒತ್ತುವ ಮೊದಲೇ ಮಾತು ಶುರುಮಾಡುವುದು ಎಲ್ಲ ಕಡೆ ಇರುವ ಅಭ್ಯಾಸ. ಜೊತೆಗೆ ಎನ್‌ಕ್ರಿಪ್ಷನ್ ಸಿಂಕ್ ಆಗಲು ಹಿಡಿಯುವ ಹೊತ್ತೂ ಸೇರಿ ಮೊದಲ ಅಕ್ಷರ ನುಂಗಿಹೋಗುತ್ತದೆ. ಆ ಮೊದಲ ಅಕ್ಷರ ಸಾಮಾನ್ಯವಾಗಿ ಸೆಟ್ಟನ್ನು ಗುರುತಿಸುವ ಹೆಸರಾದ ಕಾಲ್‌ಸೈನಿನದ್ದು. ಸೆಟ್ಟಿನಲ್ಲೇ ರೆಕಗ್ನೈಜರ್ ಇದ್ದರೆ ಇದಕ್ಕೆ ಸುಲಭ ಪರಿಹಾರವಿದೆ. ಮೈಕಿನ ಕೊನೆಯ ಅರ್ಧ ಸೆಕೆಂಡನ್ನು ಸದಾ ಬಫರಿನಲ್ಲಿಟ್ಟು, ಬಟನ್ ಒತ್ತಿದ ಕೂಡಲೇ ಅದನ್ನೂ ಸೇರಿಸಿ ಓದಿಸುವುದು. ಮಾತು ಎಲ್ಲಿ ಮುಗಿಯಿತು ಎಂಬುದನ್ನೂ ಅದೇ ಬಟನ್ ಹೇಳುತ್ತದೆ. ಕೇಳುವ ಬದಿಯಲ್ಲಿ ಈ ಎರಡೂ ಅನುಕೂಲ ಇಲ್ಲ. ಅಲ್ಲಿ ಸಿಗ್ನಲ್ ಇಲ್ಲದಾಗ ಸ್ಪೀಕರನ್ನು ಸುಮ್ಮನಾಗಿಸುವ ಸ್ಕ್ವೆಲ್ಚ್ ಮುಚ್ಚುವಾಗಿನ ಬುಸ್ ಎಂಬ ಶಬ್ದವೂ ಮಾತಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಎಚ್‌ಎಫ್‌ನ ಅನಲಾಗ್ ಮಾತಿನ ಕ್ರಮವಾದ ಎಸ್‌ಎಸ್‌ಬಿಯಲ್ಲಂತೂ ಟ್ಯೂನಿಂಗ್ ಕೆಲವು ಹತ್ತು ಹರ್ಟ್ಜ್ ಜಾರಿದರೂ ಇಡೀ ಮಾತಿನ ಆವರ್ತನಗಳು ಒಟ್ಟಿಗೆ ಸರಿದು ದನಿ ವಿಕಾರವಾಗುತ್ತದೆ.

ಆ ಬುಸ್ ಶಬ್ದ ಸಣ್ಣ ವಿಷಯವಲ್ಲ. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ಮಾಡೆಲ್ 6,80,000 ಗಂಟೆಗಳ ಅಂತರ್ಜಾಲದ ಧ್ವನಿಯಿಂದ ಕಲಿತದ್ದು. ಮೌನ ಅಥವಾ ಬರಿಯ ಗದ್ದಲ ಕೊಟ್ಟಾಗ ಯಾರೂ ಆಡದ ವಾಕ್ಯಗಳನ್ನು ನಿರರ್ಗಳವಾಗಿ ಬರೆದುಬಿಡುವುದು ಅದರ ಪ್ರಸಿದ್ಧ ದೋಷ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು ಶೇ 1ರಷ್ಟು ತುಣುಕುಗಳಲ್ಲಿ ಇಂಥ ಕಲ್ಪಿತ ವಾಕ್ಯಗಳನ್ನು ಕಂಡಿತು. ಸಭೆಯ ಟಿಪ್ಪಣಿಯಲ್ಲಿ ಇದನ್ನು ಸಹಿಸಿಕೊಳ್ಳಬಹುದೇನೋ, ಗುಂಡಿನ ದಾಳಿ ಕೇಳುವ ಸಂದೇಶದಲ್ಲಿ ಸಾಧ್ಯವೇ ಇಲ್ಲ. ಅದೂ ಅಲ್ಲದೆ ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ಕಿಟಕಿಯಲ್ಲಿ ನೋಡುತ್ತದೆ. ಮೂರು ಸೆಕೆಂಡಿನ ಮಾತಿಗೂ ಉಳಿದ 27 ಸೆಕೆಂಡು ಖಾಲಿ ತುಂಬಿಸಿ ಲೆಕ್ಕ ಮಾಡಬೇಕು, ಬ್ಯಾಟರಿ ಕರಗುತ್ತದೆ. ರೇಡಿಯೋ ಸೆಟ್ಟಿಗೆ ಬೇಕಾದದ್ದು ಮಾತು ಬರುತ್ತಿದ್ದಂತೆಯೇ ಗುರುತಿಸುವ ಚಿಕ್ಕ ಸ್ಟ್ರೀಮಿಂಗ್ ಮಾಡೆಲ್. ಸೋತಾಗ ಏನನ್ನೂ ಬರೆಯದೆ ಸುಮ್ಮನಿರುವ ಗುಣ ಅದಕ್ಕೆ ಇರಬೇಕು.

ಅಂಕಿಯಲ್ಲಿ ತಪ್ಪಿದರೆ

ಶೇ 95 ನಿಖರತೆ ಎಂಬ ಮಾತು ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತದೆ. ಸೇನಾ ಸಂದೇಶದ ಜೀವ ಇರುವುದು ನಕ್ಷೆಯ ಮೇಲೆ ಸ್ಥಳ ಹೇಳುವ ಗ್ರಿಡ್ ಅಂಕಿಗಳಲ್ಲಿ. 10 ಮೀಟರ್ ನಿಖರತೆಗೆ ಎಂಟು ಅಂಕಿ ಬೇಕು. ಒಂದೊಂದು ಅಂಕಿ ಸರಿಯಾಗುವ ಸಂಭವ ಶೇ 95 ಆದರೆ ಎಂಟೂ ಸರಿಯಾಗುವುದು ಶೇ 66 ಮಾತ್ರ. ಶೇ 99 ಆದರೆ ಶೇ 92. ಶೇ 99.9ಕ್ಕೆ ಏರಿಸಿದರೂ ಸಾವಿರ ಸಂದೇಶದಲ್ಲಿ ಎಂಟರ ಗ್ರಿಡ್ ತಪ್ಪಾಗಿರುತ್ತದೆ. ಕೊನೆಯ ಅಂಕಿಯಲ್ಲಿ ಒಂದು ಹೆಚ್ಚುಕಡಿಮೆಯಾದರೆ 10 ಮೀಟರ್ ಸರಿಯಿತು, ಮೊದಲ ಅಂಕಿಯಲ್ಲಾದರೆ 10 ಕಿಲೋಮೀಟರ್.

ರೇಡಿಯೋ ಕ್ರಮ ಇದನ್ನು ಯಂತ್ರ ಬರುವ ಮೊದಲೇ ಅರಿತಿತ್ತು. ಫೈವ್ ಮತ್ತು ನೈನ್ ಒಂದೇ ಸ್ವರ ಹೊತ್ತ ಪದಗಳು, ಹಾಳಾದ ಚಾನೆಲ್ಲಿನಲ್ಲಿ ಕಲಸಿಹೋಗುತ್ತವೆ. ಅದಕ್ಕೇ ಫೈಫ್, ನೈನರ್, ಟ್ರೀ, ಫೋವರ್ ಎಂದು ಹೇಳಬೇಕೆಂಬ ನಿಯಮ ಬಂದದ್ದು. ಅಂತರ್ಜಾಲದ ಮಾತಿನಿಂದ ಕಲಿತ ಮಾಡೆಲ್ಲಿಗೆ ಈ ಉಚ್ಚಾರಗಳ ಪರಿಚಯ ಕಡಿಮೆ. ಟ್ರೀ ಎಂದರೆ ಮರ ಎಂದೇ ಬರೆದುಕೊಡುತ್ತದೆ. ಮತ್ತೆ ಹೇಳಿ ಎನ್ನಲು ಸೇ ಅಗೇನ್ ಎಂದೇ ಹೇಳಬೇಕು, ರಿಪೀಟ್ ಎನ್ನಕೂಡದು, ಏಕೆಂದರೆ ಫಿರಂಗಿ ದಳದ ಭಾಷೆಯಲ್ಲಿ ರಿಪೀಟ್ ಎಂದರೆ ಅದೇ ಗುರಿಗೆ ಇನ್ನೊಮ್ಮೆ ಹೊಡೆಯಿರಿ ಎಂದರ್ಥ. ವಾಕ್ಯವನ್ನು ಸುಂದರಗೊಳಿಸಲು ಹೋಗುವ ದೊಡ್ಡ ಭಾಷಾ ಮಾಡೆಲ್ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಈ ಕಾರಣಕ್ಕೆ ಮುಕ್ತ ಮಾತನ್ನು ಗುರುತಿಸುವ ಮಾಡೆಲ್ಲಿನ ಪಕ್ಕದಲ್ಲಿ ಕಟ್ಟುನಿಟ್ಟಿನ ವ್ಯಾಕರಣವುಳ್ಳ ಇನ್ನೊಂದು ರೆಕಗ್ನೈಜರ್ ಬೇಕೇ ಬೇಕು. ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ಯಲು ಕಳಿಸುವ ಒಂಬತ್ತು ಸಾಲಿನ ಮೆಡಿವ್ಯಾಕ್ ಕೋರಿಕೆಯನ್ನೇ ನೋಡಿ. ಮೊದಲ ಸಾಲು ಸ್ಥಳದ ಗ್ರಿಡ್, ಎರಡನೆಯದು ಆವರ್ತನ ಮತ್ತು ಕಾಲ್‌ಸೈನ್, ಮೂರನೆಯದು ತುರ್ತಿನ ಪ್ರಕಾರ ಗಾಯಾಳುಗಳ ಸಂಖ್ಯೆ. ಮೂರನೆಯ ಸಾಲಿನಲ್ಲಿ ಬರಬಹುದಾದದ್ದು ಒಂದು ಅಂಕಿ ಮತ್ತು ಆಲ್ಫಾದಿಂದ ಎಕೋವರೆಗಿನ ಐದು ಅಕ್ಷರಗಳಲ್ಲಿ ಒಂದು ಸೇರಿದ ಜೋಡಿಗಳು, ಅಷ್ಟೇ. ಲೈನ್ ತ್ರೀ ಎಂದು ಕೇಳಿದ ಕ್ಷಣ ರೆಕಗ್ನೈಜರ್ ಆ ಕೆಲವೇ ಸಾಧ್ಯತೆಗಳಿಗೆ ತನ್ನನ್ನು ಕಟ್ಟಿಹಾಕಿಕೊಂಡರೆ ಎಂಜಿನ್ ಗದ್ದಲದಲ್ಲೂ ತಪ್ಪುವುದು ಬಹಳ ಕಡಿಮೆಯಾಗುತ್ತದೆ. ಹೆಲಿಕಾಪ್ಟರ್ ಹೊರಡಲು ಮೊದಲ ಐದು ಸಾಲು ಸಾಕು. ಹಾಗಾಗಿ ಒಂಬತ್ತೂ ಮುಗಿಯಲಿ ಎಂದು ಕಾಯದೆ ಐದಾದ ಕೂಡಲೇ ಪಠ್ಯ ಕಳಿಸಬೇಕು.

ಪಠ್ಯದ ಜೊತೆ ಅನುಮಾನವನ್ನೂ ಕಳಿಸಿ

960 ಬಿಟ್‌ನ ಆ ಸಂದೇಶವನ್ನು ಎಚ್‌ಎಫ್‌ನ ಮಿಲ್-ಸ್ಟ್ಯಾಂಡರ್ಡ್ 188-110 ಮೋಡೆಮಿನಲ್ಲಿ 2400ರ ದರಕ್ಕೆ ಹಾಕಿದರೆ 0.4 ಸೆಕೆಂಡ್ ಎಂದು ಕಾಗದದ ಲೆಕ್ಕ ಹೇಳುತ್ತದೆ. ಗಾಳಿಯಲ್ಲಿ ಹಾಗಾಗುವುದಿಲ್ಲ. ಚಿಕ್ಕ ಇಂಟರ್‌ಲೀವರ್ (ತಪ್ಪುಗಳು ಒಂದೆಡೆ ಗುಂಪಾಗದಂತೆ ಬಿಟ್‌ಗಳನ್ನು ಹರಡಿ ಕಳಿಸುವ ವ್ಯವಸ್ಥೆ) ಆರಿಸಿದರೆ 0.6 ಸೆಕೆಂಡಿನ ಮುನ್ನುಡಿ ಮೊದಲು ಹೋಗಬೇಕು, ಕೊನೆಗೆ ಮುಕ್ತಾಯದ 32 ಬಿಟ್ ಮತ್ತು ಡಿಕೋಡರನ್ನು ಖಾಲಿಮಾಡುವ ಫ್ಲಶ್‌ನ 144 ಬಿಟ್ ಸೇರಬೇಕು, ಆಮೇಲೆ 0.6 ಸೆಕೆಂಡಿನ ಬ್ಲಾಕ್ ಪೂರ್ತಿ ತುಂಬಬೇಕು. ಎನ್‌ಕ್ರಿಪ್ಷನ್ನಿನ ಭಾಗ ಬಿಟ್ಟೂ ಒಟ್ಟು 1.2 ಸೆಕೆಂಡ್. ದೊಡ್ಡ ಇಂಟರ್‌ಲೀವರಿನಲ್ಲಿ ಮುನ್ನುಡಿಯೊಂದೇ 4.8 ಸೆಕೆಂಡ್. ಚಾನೆಲ್ ಕೆಟ್ಟು 75ಕ್ಕೆ ಇಳಿದರೆ ಚಿಕ್ಕ ಇಂಟರ್‌ಲೀವರಿನಲ್ಲೂ ಸುಮಾರು 16 ಸೆಕೆಂಡ್ ಬೇಕು. ಆದರೂ ಎಂಟು ಸೆಕೆಂಡಿನ ಮಾತಿನ ಬದಲು 1.2 ಸೆಕೆಂಡ್ ಮಾತ್ರ ಪ್ರಸಾರವಾದರೆ ಶತ್ರುವಿನ ದಿಕ್ಕು ಪತ್ತೆ ಯಂತ್ರಕ್ಕೆ ಸಿಗುವ ಅವಕಾಶ ಅಷ್ಟು ಕಡಿಮೆ. ಸೈನಿಕನ ದೃಷ್ಟಿಯಿಂದ ಪಠ್ಯದ ಅತಿ ದೊಡ್ಡ ಲಾಭ ಬ್ಯಾಂಡ್‌ವಿಡ್ತ್ ಉಳಿತಾಯಕ್ಕಿಂತ ಇದೇ ಎಂದು ನಾವು ನಂಬುತ್ತೇವೆ.

ಇನ್ನೊಂದು ಸಂಗತಿಯೂ ಈ ಲೆಕ್ಕದಲ್ಲೇ ಇದೆ. ಬ್ಲಾಕ್ 0.6 ಸೆಕೆಂಡಿನದ್ದು, ಅಂದರೆ 1440 ಬಿಟ್. ನಮ್ಮ ಸಂದೇಶ ಎಲ್ಲ ಸೇರಿ 1136. ಉಳಿದ 304 ಬಿಟ್ ಹೇಗೂ ಖಾಲಿ ಹೋಗುತ್ತವೆ. ಪ್ರತಿ ಪದಕ್ಕೆ ಎಷ್ಟು ನಂಬಿಕೆ ಎಂದು ಎರಡು ಬಿಟ್ ಇಟ್ಟರೆ ಇಪ್ಪತ್ತು ಪದಕ್ಕೆ 40. ಎಂಟು ಗ್ರಿಡ್ ಅಂಕಿಗಳಿಗೆ ಎರಡನೆಯ ಸಾಧ್ಯತೆ ಯಾವುದು ಎಂದು ನಾಲ್ಕು ನಾಲ್ಕು ಬಿಟ್ ಇಟ್ಟರೆ 32. ಒಂದು ಮಿಲಿಸೆಕೆಂಡೂ ಹೆಚ್ಚು ಖರ್ಚಾಗದೆ ಕೇಳುವವನ ಪರದೆಯ ಮೇಲೆ ಅನುಮಾನದ ಅಂಕಿ ಬೇರೆ ಬಣ್ಣದಲ್ಲಿ, ಪಕ್ಕದಲ್ಲಿ ಇನ್ನೊಂದು ಸಾಧ್ಯತೆಯೊಂದಿಗೆ ಕಾಣುತ್ತದೆ. ಧ್ವನಿಯಲ್ಲಿ ತಾನಾಗಿಯೇ ಬರುತ್ತಿದ್ದ ಅನುಮಾನವನ್ನು ಪಠ್ಯಕ್ಕೆ ಹೀಗೆ ಕೈಯಾರೆ ತುಂಬಬೇಕು. ಷರತ್ತು ಒಂದೇ: ಗದ್ದಲದಲ್ಲಿ ನ್ಯೂರಲ್ ನೆಟ್‌ವರ್ಕ್ ಮಾಡೆಲ್ಲುಗಳು ಕೊಡುವ ನಂಬಿಕೆಯ ಅಂಕಿ ಸಾಮಾನ್ಯವಾಗಿ ಅತಿಯಾಗಿರುತ್ತದೆ. ಅದೇ ಮೈಕ್, ಅದೇ ವಾಹನದ ಧ್ವನಿಮುದ್ರಣಗಳ ಮೇಲೆ ಅದನ್ನು ಸರಿತೂಗಿಸದಿದ್ದರೆ ಆ ಬಣ್ಣಕ್ಕೆ ಬೆಲೆಯಿಲ್ಲ.

ಧ್ವನಿಯನ್ನು ಪೂರ್ತಿ ಕೈಬಿಡುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ದನಿಯ ಗುರುತು, ಹೇಳುವವನ ಗಾಬರಿ, ಹಿನ್ನೆಲೆಯ ಗುಂಡಿನ ಸದ್ದು ಇವುಗಳಲ್ಲಿ ಯಾವುದೂ ಪಠ್ಯದಲ್ಲಿ ಹೋಗುವುದಿಲ್ಲ. ಚಾನೆಲ್ ತಡೆದುಕೊಳ್ಳುವಾಗ ಧ್ವನಿ ತಕ್ಷಣ ಹೋಗಲಿ, ಬಟನ್ ಬಿಟ್ಟ ಮೇಲೆ ಪಠ್ಯ ಹಿಂಬಾಲಿಸಲಿ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಪ್ರತಿ ಮಾತಿನ ನಂತರ ನೆಟ್ (ಒಂದೇ ಆವರ್ತನ ಹಂಚಿಕೊಂಡ ಸೆಟ್ಟುಗಳ ಗುಂಪು) ಒಂದೂಕಾಲು ಸೆಕೆಂಡ್ ಬಿಡುವಿಲ್ಲದೆ ಇರುತ್ತದೆ, ಅಷ್ಟರೊಳಗೆ ಇನ್ನೊಬ್ಬ ಬಟನ್ ಒತ್ತಿದರೆ ಎರಡೂ ಹಾಳು. 2400ರ ಚಾನೆಲ್ಲಿನಲ್ಲಿ ಧ್ವನಿಗೆ 1200 ಕೊಟ್ಟು ಉಳಿದ 1200ರಲ್ಲಿ ಪಠ್ಯವನ್ನು ಒಟ್ಟಿಗೇ ಕಳಿಸುವುದು ಇನ್ನೂ ಅಚ್ಚುಕಟ್ಟು. ಆದರೆ ಆ ಜೋಡಣೆ ಈಗಿನ ಮಾನಕದ ಸೆಟ್ಟುಗಳಿಗೆ ಅರ್ಥವಾಗುವುದಿಲ್ಲ, ಮಿತ್ರಪಡೆಯ ಸೆಟ್ಟುಗಳೊಡನೆ ಮಾತು ನಿಂತೇಹೋಗುತ್ತದೆ.

ತರಬೇತಿ ಸಾಮಗ್ರಿ ಮಾಡುವಾಗ ಪದೇಪದೇ ಕಾಣುವ ತಪ್ಪೊಂದಿದೆ. ಸ್ವಚ್ಛ ಮಾತನ್ನು ವೊಕೋಡರಿನಲ್ಲಿ ಹಾಯಿಸಿ, ಆಮೇಲೆ ಅದಕ್ಕೆ ಎಂಜಿನ್ ಶಬ್ದ ಬೆರೆಸುತ್ತಾರೆ. ಎಂಜಿನ್ ಇರುವುದು ಮಾತಾಡುವವನ ಪಕ್ಕದಲ್ಲಿ, ಆದ್ದರಿಂದ ಅದು ವೊಕೋಡರಿಗಿಂತ ಮೊದಲೇ ಸೇರಬೇಕು. ಗದ್ದಲದಿಂದ ಪಿಚ್ ಹಿಡಿಯುವುದರಲ್ಲಿ ವೊಕೋಡರ್ ತಪ್ಪುವ ಬಗೆ ಆಗ ಮಾತ್ರ ಮಾಡೆಲ್ಲಿಗೆ ಕಾಣಸಿಗುತ್ತದೆ. ಡಿಜಿಟಲ್ ಕೊಂಡಿಯಲ್ಲಿ ವೊಕೋಡರಿನ ನಂತರ ಸೇರಬೇಕಾದದ್ದು ಬಿಟ್ ತಪ್ಪುಗಳು. ಅವೂ ಒಂದೊಂದಾಗಿ ಚದುರಿ ಬರುವುದಿಲ್ಲ, ಎಚ್‌ಎಫ್ ಮಸುಕಾದಾಗ ಗುಂಪುಗುಂಪಾಗಿ ಬರುತ್ತವೆ. ನಿಜವಾದ ಕೊಂಡಿಯಿಂದ ತಪ್ಪುಗಳ ಮಾದರಿಯನ್ನು ದಾಖಲಿಸಿಕೊಂಡು ಅದನ್ನೇ ಹೊದಿಸಬೇಕು. ಅನಲಾಗ್ ಎಫ್‌ಎಂ, ಎಸ್‌ಎಸ್‌ಬಿಗಳಿಗೆ ಮಾತ್ರ ಹಿಸ್ ಶಬ್ದವನ್ನು ಕೊನೆಯಲ್ಲಿ ಸೇರಿಸುವುದು ಸರಿ.

ಭಾರತದಲ್ಲಿ ಈ ಕೆಲಸಕ್ಕೆ ಬೇಕಾದ ಕೈಗಳಲ್ಲಿ ಹಲವು ಬೆಂಗಳೂರಿನಲ್ಲೇ ಇವೆ: 1954ರಿಂದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್), 1986ರಿಂದ ಡಿಆರ್‌ಡಿಒದ ಸಿಎಐಆರ್ (ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ). ಹಿಂದಿ, ಇಂಗ್ಲಿಷ್ ಬೆರೆತ ಮಾತು, ಹತ್ತಾರು ಮಾತೃಭಾಷೆಗಳ ಉಚ್ಚಾರ ಇವೆಲ್ಲ ಒಂದೇ ನೆಟ್‌ನಲ್ಲಿ ಇರುವ ಸೇನೆಗೆ ಹೊರಗಿನ ಇಂಗ್ಲಿಷ್ ಮಾಡೆಲ್ ತಂದು ಕೂರಿಸಿದರೆ ನಡೆಯುವುದಿಲ್ಲ. ಪಠ್ಯದ ಗಾತ್ರದಲ್ಲೂ ಎಚ್ಚರ ಬೇಕು. ದೇವನಾಗರಿಗಾಗಲಿ ಕನ್ನಡಕ್ಕಾಗಲಿ ಯುಟಿಎಫ್-8ರಲ್ಲಿ ಒಂದೊಂದು ಚಿಹ್ನೆಗೆ ಮೂರು ಬೈಟ್. ‘ನೆರವು ಬೇಕು’ ಎಂಬ ಎರಡು ಪದ 28 ಬೈಟ್, ಅಂದರೆ 224 ಬಿಟ್ ಆಗುತ್ತದೆ. ಭಾರತೀಯ ಲಿಪಿಗಳಿಗೆಂದೇ ಮಾಡಿದ 1991ರ ಇಸ್ಕಿ ಮಾನಕದಲ್ಲಿ ಅದೇ ಎರಡು ಪದ 10 ಬೈಟ್, 80 ಬಿಟ್. ಫೋನಿನಲ್ಲಿ ಯಾರೂ ಲೆಕ್ಕಿಸದ ಈ ಅಂತರ 75ರ ದರದಲ್ಲಿ ಸುಮಾರು ಎರಡು ಸೆಕೆಂಡ್ ಹೆಚ್ಚು ಹೊತ್ತು ಆಂಟೆನಾ ಉರಿಯುವಂತೆ ಮಾಡುತ್ತದೆ.

ಕೊಳ್ಳುವ ಮೊದಲು ಕೇಳಬೇಕಾದ ಅಳತೆಗಳೂ ಬದಲಾಗಬೇಕು. ಸರಾಸರಿ ಪದದೋಷ ಬೇಡ. ಎಂಟಂಕಿಯ ಗ್ರಿಡ್ ಪೂರ್ತಿ ಸರಿಯಾದದ್ದು ನೂರಕ್ಕೆ ಎಷ್ಟು, ಮಾತೇ ಇಲ್ಲದ ಗಂಟೆಯಲ್ಲಿ ಎಷ್ಟು ವಾಕ್ಯ ಹುಟ್ಟಿದವು, ಕಾಲ್‌ಸೈನ್ ನುಂಗಿಹೋದದ್ದು ಎಷ್ಟು ಸಲ, ಎಲ್ಲಕ್ಕಿಂತ ಮುಖ್ಯವಾಗಿ ಹೆಚ್ಚು ನಂಬಿಕೆ ಎಂದು ಗುರುತು ಹಾಕಿ ಕಳಿಸಿದ ಅಂಕಿಗಳಲ್ಲಿ ತಪ್ಪಿದ್ದು ಎಷ್ಟು ಎಂದು ಕೇಳಬೇಕು. ಪರೀಕ್ಷೆ ಓಡುತ್ತಿರುವ ವಾಹನದಲ್ಲಿ, ಹೆಲ್ಮೆಟ್ ತೊಟ್ಟು, ಸೇನೆ ನಿಜವಾಗಿ ಬಳಸುವ ಮೈಕಿನಲ್ಲಿ, ಓಡಿಬಂದು ಏದುಸಿರು ಬಿಡುತ್ತಿರುವವರ ದನಿಯಲ್ಲೂ ನಡೆಯಬೇಕು.